ಕನ್ನಡದಲ್ಲಿ ವಿಜ್ಞಾನ ಕಥೆಗಳ ಓದುಗ ಬಳಗ

ವಿಜ್ಞಾನ ಕಥೆಗಳ ಓದುಗ ಬಳಗ ಎಂಬುದು ವಿಜ್ಞಾನವನ್ನು ಆಧರಿಸಿದ ಕಲ್ಪಿತ ಕಥೆ, ಕಾದಂಬರಿ, ಚಿತ್ರಕಥೆ ಹಾಗೂ ಚಲನಚಿತ್ರಗಳಲ್ಲಿ ವಿಶೇಷ ಆಸಕ್ತಿಯುಳ್ಳವರು ಪರಸ್ಪರ ಸಂಪರ್ಕವಿರಿಸಿಕೊಂಡು ರೂಪಿಸಿಕೊಳ್ಳುವ ಸಮುದಾಯವಾಗಿದೆ. ಇಂಗ್ಲಿಷಿನಲ್ಲಿ ಇದನ್ನು ಫ್ಯಾಂಡಮ್ ಎನ್ನುತ್ತಾರೆ. ಪತ್ರವ್ಯವಹಾರ, ಹವ್ಯಾಸಿ ಪತ್ರಿಕೆ, ವಾರ್ಷಿಕ ಸಮ್ಮೇಳನ, ಓದುಗರೇ ಮತ ನೀಡಿ ಆಯ್ಕೆ ಮಾಡುವ ಪ್ರಶಸ್ತಿ, ಗ್ರಂಥಸೂಚಿಗಳ ತಯಾರಿಕೆ ಇವು ಇಂಥ ಬಳಗದ ಮುಖ್ಯ ಚಟುವಟಿಕೆಗಳು. ಕನ್ನಡದಲ್ಲಿ ವಿಜ್ಞಾನ ಕಥೆಗಳಿಗೆ ಓದುಗರು ಇದ್ದಾರೆ, ಬರಹಗಾರರೂ ಇದ್ದಾರೆ. ಆದರೆ ಆ ಓದುಗರು ವಾರಪತ್ರಿಕೆ, ಗ್ರಂಥಾಲಯ, ವಿಜ್ಞಾನ ಪ್ರಸಾರ ಸಂಸ್ಥೆ ಮತ್ತು ಚಿತ್ರಮಂದಿರಗಳಲ್ಲಿ ಹಂಚಿಹೋಗಿದ್ದು, ಒಂದು ಪ್ರತ್ಯೇಕ ಬಳಗವಾಗಿ ಒಟ್ಟುಗೂಡಿದ್ದು ವಿರಳ. ಈ ಲೇಖನವು ಅಂಥ ಬಳಗದ ಹುಟ್ಟು, ಕನ್ನಡದಲ್ಲಿ ಅದು ಪಡೆದ ರೂಪ ಹಾಗೂ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಸನ್ನಿವೇಶವನ್ನು ವಿವರಿಸುತ್ತದೆ.

ಪದದ ಅರ್ಥ

ಕನ್ನಡದಲ್ಲಿ ಅಭಿಮಾನಿ ಎಂಬ ಪದ ಬಹುಮಟ್ಟಿಗೆ ಚಿತ್ರನಟರೊಂದಿಗೆ ಸೇರಿಕೊಂಡಿದೆ. ನಟ ರಾಜಕುಮಾರ್ ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳೆಂದು ಸಂಬೋಧಿಸುತ್ತಿದ್ದುದು ಪ್ರಸಿದ್ಧವಾಗಿದೆ. ವಿಜ್ಞಾನ ಕಥೆಗಳ ಅಭಿಮಾನಿಗಳ ಸ್ವಭಾವ ಇದಕ್ಕಿಂತ ಭಿನ್ನವಾದುದು. ಇಲ್ಲಿ ಅಭಿಮಾನವಿರುವುದು ವ್ಯಕ್ತಿಯ ಮೇಲಲ್ಲ, ಒಂದು ಬಗೆಯ ಕಥನದ ಮೇಲೆ. ಲೇಖಕನ ವಿಜ್ಞಾನದಲ್ಲಿ ತಪ್ಪು ಹುಡುಕುವುದು, ಕಥೆಯ ಕಾರ್ಯಕಾರಣ ಸಂಬಂಧವನ್ನು ಪ್ರಶ್ನಿಸುವುದು, ಬೇರೊಬ್ಬ ಓದುಗನೊಡನೆ ವಾದಕ್ಕಿಳಿಯುವುದು ಈ ಅಭಿಮಾನದ ಲಕ್ಷಣಗಳೇ ಆಗಿವೆ. ಆದ್ದರಿಂದ ಅಭಿಮಾನಿ ಸಂಘ ಎನ್ನುವುದಕ್ಕಿಂತ ಓದುಗ ಬಳಗ ಎಂಬ ಮಾತು ಇದಕ್ಕೆ ಹೆಚ್ಚು ಒಪ್ಪುತ್ತದೆ.

ವಿಜ್ಞಾನ ಕಥೆಯನ್ನು ವೈಜ್ಞಾನಿಕ ಕಾದಂಬರಿ, ವೈಜ್ಞಾನಿಕ ಕಥೆ, ಕಲ್ಪಿತ ವಿಜ್ಞಾನ ಎಂಬ ಹೆಸರುಗಳಿಂದಲೂ ಕರೆಯುವುದುಂಟು. ಇವುಗಳಲ್ಲಿ ಯಾವುದೊಂದೂ ಪೂರ್ತಿ ನೆಲೆಗೊಂಡಿಲ್ಲ. ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳನ್ನು ಹುಡುಕುವ ವಿದ್ಯಾರ್ಥಿಗೆ ಇದು ತೊಡಕಾಗುತ್ತದೆ. ಒಂದೇ ಬಗೆಯ ಪುಸ್ತಕ ಒಂದೆಡೆ ಕಾದಂಬರಿಗಳ ಸಾಲಿನಲ್ಲಿ, ಇನ್ನೊಂದೆಡೆ ಮಕ್ಕಳ ಸಾಹಿತ್ಯದಲ್ಲಿ, ಮತ್ತೊಂದೆಡೆ ವಿಜ್ಞಾನದ ಕಪಾಟಿನಲ್ಲಿ ಸಿಗಬಹುದು.

ಹುಟ್ಟು

ಈ ಬಗೆಯ ಬಳಗದ ಆರಂಭವನ್ನು ಸಾಮಾನ್ಯವಾಗಿ ಅಮೆರಿಕದ ಅಮೇಜಿಂಗ್ ಸ್ಟೋರೀಸ್ ಪತ್ರಿಕೆಯೊಂದಿಗೆ ಗುರುತಿಸಲಾಗುತ್ತದೆ. ಲಕ್ಸೆಂಬರ್ಗ್ ಮೂಲದ ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ಇದನ್ನು ಆರಂಭಿಸಿದರು. ವಿಜ್ಞಾನ ಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಪತ್ರಿಕೆಯಿದು. ಓದುಗರ ಪತ್ರಗಳ ವಿಭಾಗದಲ್ಲಿ ಬರೆದವರ ಹೆಸರಿನೊಂದಿಗೆ ಪೂರ್ಣ ವಿಳಾಸವನ್ನೂ ಅಚ್ಚುಮಾಡುವ ಪದ್ಧತಿಯನ್ನು ಪತ್ರಿಕೆ ಇರಿಸಿಕೊಂಡಿತು. ನೋಡುವುದಕ್ಕೆ ಇದು ಸಣ್ಣ ಸಂಗತಿ. ಆದರೆ ಸಂಪಾದಕರಿಗೆ ಪತ್ರ ಬರೆಯುತ್ತಿದ್ದ ಓದುಗರು ಈ ವಿಳಾಸಗಳ ಮೂಲಕ ಒಬ್ಬರಿಗೊಬ್ಬರು ನೇರವಾಗಿ ಬರೆಯತೊಡಗಿದರು. ಇಂಥ ಪತ್ರಮಿತ್ರರು ಕೂಡಿ ಕಟ್ಟಿದ ಸಂಘವೊಂದು 1930ರಲ್ಲಿ ದಿ ಕಾಮೆಟ್ ಎಂಬ ಹವ್ಯಾಸಿ ಪತ್ರಿಕೆಯನ್ನು ಹೊರಡಿಸಿತು. ಈ ಬಗೆಯ ಪತ್ರಿಕೆಗಳಿಗೆ ಮುಂದೆ 1940ರಲ್ಲಿ ಫ್ಯಾನ್‌ಝೀನ್ ಎಂಬ ಹೆಸರು ಬಂದಿತು. ಕರ್ನಾಟಕದ ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಗಳು ತಯಾರಿಸುವ ಕೈಬರಹದ ಪತ್ರಿಕೆ ಹಾಗೂ ಭಿತ್ತಿಪತ್ರಿಕೆಗಳನ್ನು ಬಲ್ಲವರಿಗೆ ಇದರ ರೂಪ ಸುಲಭವಾಗಿ ಅರ್ಥವಾಗುತ್ತದೆ. ಪ್ರತಿಗಳು ಕೆಲವೇ, ಹಣ ಕೈಯಿಂದಲೇ ಹೋಗುತ್ತದೆ, ಸಂಪಾದಕನೇ ಹಂಚಿಕೆದಾರನೂ ಆಗಿರುತ್ತಾನೆ.

1937ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಓದುಗರ ಸಭೆಯೊಂದು ನಡೆಯಿತು. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ಜರುಗಿತು. ಇದನ್ನು ವರ್ಲ್ಡ್‌ಕಾನ್ ಎಂದು ಕರೆಯುತ್ತಾರೆ. ಅಲ್ಲಿ ಸೇರಿದವರು ಸುಮಾರು 200 ಮಂದಿ. ಆ ಮೊದಲ ಸಮ್ಮೇಳನದಲ್ಲಿಯೇ ಜಗಳವೂ ಆಯಿತು. ಫ್ಯೂಚರಿಯನ್ಸ್ ಎಂಬ ಇನ್ನೊಂದು ಬಳಗದ ಕೆಲವರನ್ನು ಸಂಘಟಕರು ಒಳಗೆ ಬಿಡಲಿಲ್ಲ. ಅದೇ ಬಳಗದಲ್ಲಿದ್ದ, ಆಗಿನ್ನೂ ಹದಿಹರೆಯದ ಐಸಾಕ್ ಅಸಿಮೋವ್ ಅವರಿಗೆ ಒಳಗೆ ಹೋಗಲು ಸಾಧ್ಯವಾಯಿತು. ಪತ್ರಿಕೆಗಳಿಗೆ ಓದುಗರ ಪತ್ರ ಬರೆಯುತ್ತ ಬೆಳೆದ ಅಸಿಮೋವ್, ಸ್ವತಃ ಹವ್ಯಾಸಿ ಪತ್ರಿಕೆ ಹೊರಡಿಸುತ್ತಿದ್ದ ರೇ ಬ್ರಾಡ್ಬರಿ ಮೊದಲಾದವರು ಮುಂದೆ ಈ ಪ್ರಕಾರದ ದೊಡ್ಡ ಲೇಖಕರಾದರು. ಓದುಗ ಮತ್ತು ಲೇಖಕರ ನಡುವಿನ ಅಂತರ ಕಿರಿದಾಗಿರುವುದು ಈ ಬಳಗಗಳ ವಿಶೇಷವೆನ್ನಬಹುದು.

ಭಾರತದ ಇತರ ಭಾಷೆಗಳಲ್ಲಿ

ಬಂಗಾಳಿಯಲ್ಲಿ ಅದ್ರೀಶ್ ಬರ್ಧನ್ 1963ರಲ್ಲಿ ಆಶ್ಚರ್ಯೊ ಎಂಬ ಪತ್ರಿಕೆಯನ್ನು ಆರಂಭಿಸಿದರು. ಇದು ಭಾರತೀಯ ಭಾಷೆಗಳಲ್ಲಿ ವಿಜ್ಞಾನ ಕಥೆಗಳಿಗೇ ಮೀಸಲಾಗಿದ್ದ ಮೊದಲ ಪತ್ರಿಕೆಯೆಂದು ಹೆಸರಾಗಿದೆ. ಕೋಲ್ಕತ್ತದಲ್ಲಿ 1966ರಲ್ಲಿ ಸೈನ್ಸ್ ಫಿಕ್ಷನ್ ಸಿನೆ ಕ್ಲಬ್ ಸ್ಥಾಪನೆಗೊಂಡಾಗ ಸತ್ಯಜಿತ್ ರಾಯ್ ಅದರ ಅಧ್ಯಕ್ಷರಾದರು. ಪತ್ರಿಕೆ, ಚಿತ್ರಸಮಾಜ ಮತ್ತು ಲೇಖಕರು ಒಂದೇ ನಗರದಲ್ಲಿ ಕೂಡಿಬಂದುದು ಬಂಗಾಳಿಯ ಭಾಗ್ಯ.

ಮರಾಠಿಯ ದಾರಿ ಬೇರೆ. 1966ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಮರಾಠಿ ವಿಜ್ಞಾನ ಪರಿಷತ್ತು ನಡೆಸುತ್ತಿದ್ದ ವಿಜ್ಞಾನ ಕಥಾಸ್ಪರ್ಧೆಯ ಸುತ್ತ ಅಲ್ಲಿನ ಲೇಖಕರ ಗುಂಪು ಬೆಳೆಯಿತು. ಖಗೋಳವಿಜ್ಞಾನಿ ಜಯಂತ ನಾರಳೀಕರ್ 1974ರಲ್ಲಿ ತಮ್ಮ ಮೊದಲ ಕಥೆಯನ್ನು ಈ ಸ್ಪರ್ಧೆಗೆ ಕಳುಹಿಸಿದರು. ತಮ್ಮ ಖ್ಯಾತಿ ತೀರ್ಪಿನ ಮೇಲೆ ಪ್ರಭಾವ ಬೀರಬಾರದೆಂದು ಹೆಸರಿನ ಮೊದಲಕ್ಷರಗಳನ್ನು ತಿರುಗುಮುರುಗು ಮಾಡಿ ನಾರಾಯಣ ವಿನಾಯಕ ಜಗತಾಪ್ ಎಂಬ ಕಲ್ಪಿತ ಹೆಸರಿಟ್ಟುಕೊಂಡಿದ್ದರು. ಕಥೆಗೆ ಬಹುಮಾನ ಬಂದಿತು.

ಸಂಶೋಧನೆಗೆ ಸಂಬಂಧಿಸಿದಂತೆ ಇಂಡಿಯನ್ ಅಸೋಸಿಯೇಷನ್ ಫಾರ್ ಸೈನ್ಸ್ ಫಿಕ್ಷನ್ ಸ್ಟಡೀಸ್ ಎಂಬ ಸಂಸ್ಥೆ 1998ರಲ್ಲಿ ಆರಂಭವಾಯಿತು. ಬೆಂಗಳೂರನ್ನು ಕೇಂದ್ರವಾಗಿರಿಸಿಕೊಂಡಿರುವ ಈ ಸಂಸ್ಥೆಯ ಸಮ್ಮೇಳನಗಳು ಹೆಚ್ಚಾಗಿ ಅಧ್ಯಾಪಕರು ಹಾಗೂ ಸಂಶೋಧಕರ ವೇದಿಕೆಗಳು.

ಕನ್ನಡದಲ್ಲಿ

ವಿಜ್ಞಾನವನ್ನು ಕನ್ನಡದಲ್ಲಿ ಓದುವ ಬಳಗಕ್ಕೆ ದೀರ್ಘ ಇತಿಹಾಸವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ವಿಜ್ಞಾನ ಎಂಬ ಮಾಸಪತ್ರಿಕೆಯನ್ನು ತಂದರು. ಶಿವರಾಮ ಕಾರಂತರ ಬಾಲಪ್ರಪಂಚ ಮತ್ತು ವಿಜ್ಞಾನ ಪ್ರಪಂಚ ಸಂಪುಟಗಳು ಶಾಲೆಯ ಹೊರಗೂ ವಿಜ್ಞಾನವನ್ನು ತಲುಪಿಸಿದವು. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ ಕಸ್ತೂರಿ, 1978ರಿಂದ ಬಂದ ಬಾಲವಿಜ್ಞಾನ, 1980ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇವೆಲ್ಲ ಆ ಪರಂಪರೆಯ ಮುಂದುವರಿಕೆಗಳು. ಆದರೆ ಇವುಗಳ ಮುಖ್ಯ ಗುರಿ ವಿಜ್ಞಾನದ ತಿಳಿವಳಿಕೆ ಮತ್ತು ಮೂಢನಂಬಿಕೆಯ ನಿವಾರಣೆಯಾಗಿತ್ತು. ಕಥೆಗೆ ಅಲ್ಲಿ ದೊರೆತುದು ಅತಿಥಿಯ ಸ್ಥಾನ.

ಕನ್ನಡ ವಿಜ್ಞಾನ ಕಥೆಯ ಪ್ರವರ್ತಕರಲ್ಲಿ ಮೊದಲು ನೆನಪಾಗುವ ಹೆಸರು ಧಾರವಾಡದ ರಾಜಶೇಖರ ಭೂಸನೂರಮಠ ಅವರದು. ಅವರ ಮನ್ವಂತರ ಮೊದಲಾದ ಕೃತಿಗಳು ಈ ಪ್ರಕಾರಕ್ಕೆ ಕನ್ನಡದಲ್ಲಿ ಸ್ವಂತ ಓದುಗರನ್ನು ಗಳಿಸಿಕೊಟ್ಟವು. ಮನು ಎಂಬ ಕಾವ್ಯನಾಮದ ಪಿ.ಎನ್. ರಂಗನ್ ಅವರ ಮಹಾಸಂಪರ್ಕ ಮಹಾಭಾರತದ ಕಥಾಲೋಕವನ್ನು ಅನ್ಯಗ್ರಹ ಜೀವಿಗಳ ಕಲ್ಪನೆಯೊಂದಿಗೆ ಹೆಣೆಯಿತು. ಬಾಳ ಫೊಂಡಕೆ ಅವರು ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ವಿಜ್ಞಾನ ಕಥೆಗಳ ಸಂಕಲನದಲ್ಲಿ ಕನ್ನಡದಿಂದ ಭೂಸನೂರಮಠ ಹಾಗೂ ಸಂಜಯ ಹಾವನೂರ ಅವರ ಕಥೆಗಳು ಸೇರಿವೆ. ಅದೇ ಸಂಕಲನದಲ್ಲಿ ಮರಾಠಿ ಕಥೆಗಳ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಸಂಪಾದಕರು ಮರಾಠಿಯವರೇ ಎಂಬುದು ನಿಜವಾದರೂ, ಸ್ಪರ್ಧೆ ಮತ್ತು ಪರಿಷತ್ತಿನ ಬೆಂಬಲವಿದ್ದ ಭಾಷೆಗೂ ಅದಿಲ್ಲದ ಭಾಷೆಗೂ ಇರುವ ವ್ಯತ್ಯಾಸ ಆ ಸಂಖ್ಯೆಯಲ್ಲಿ ಕಾಣುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ (1980) ಕಾದಂಬರಿಯನ್ನು ಈ ಪ್ರಕಾರಕ್ಕೆ ಸೇರಿಸಬಹುದೇ ಎಂಬುದು ಓದುಗರಲ್ಲಿ ಚರ್ಚೆಯ ವಿಷಯ. ಅದರಲ್ಲಿ ಅನ್ಯಗ್ರಹವೂ ಇಲ್ಲ, ಭವಿಷ್ಯದ ಯಂತ್ರವೂ ಇಲ್ಲ. ಇರುವುದು ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಹೊರಡುವ ಒಬ್ಬ ವಿಜ್ಞಾನಿ, ಕೆಲವು ಹಳ್ಳಿಗರು ಮತ್ತು ಕಾಲದ ಆಳವನ್ನು ಕುರಿತ ಬೆರಗು. ಪ್ರಕಾರದ ಗಡಿಯನ್ನು ಬಿಗಿಯಾಗಿ ಎಳೆದರೆ ಅದು ಹೊರಗುಳಿಯುತ್ತದೆ. ಆದರೆ ವಿಜ್ಞಾನದ ಬೆರಗನ್ನು ಕನ್ನಡದ ಅತಿ ಹೆಚ್ಚು ಓದುಗರಿಗೆ ದಾಟಿಸಿದ ಕಾದಂಬರಿಗಳಲ್ಲಿ ಅದೂ ಒಂದೆಂಬುದರಲ್ಲಿ ಅನುಮಾನವಿಲ್ಲ. ಇತ್ತೀಚಿನ ದಶಕಗಳಲ್ಲಿ ಕೃಷಿವಿಜ್ಞಾನಿ ಕೆ.ಎನ್. ಗಣೇಶಯ್ಯ ಅವರು ಇತಿಹಾಸ, ಪುರಾತತ್ತ್ವ, ಜೀವವಿಜ್ಞಾನಗಳನ್ನು ಬೆರೆಸಿ ಬರೆದ ಕನಕ ಮುಸುಕು, ಕರಿಸಿರಿಯಾನ ಮುಂತಾದ ರೋಚಕ ಕೃತಿಗಳು ಹೊಸ ಓದುಗ ವರ್ಗವನ್ನು ಸೃಷ್ಟಿಸಿವೆ. ಕಥೆಯೊಳಗೇ ಅಡಿಟಿಪ್ಪಣಿ ಹಾಗೂ ಆಧಾರಗಳನ್ನು ಕೊಡುವ ಅವರ ರೀತಿ ಓದುಗರನ್ನು ಪರಿಶೀಲನೆಗೆ ಆಹ್ವಾನಿಸುವಂತಿದೆ.

ಇಷ್ಟೆಲ್ಲ ಇದ್ದೂ ಬಳಗ ಏಕೆ ಕೂಡಿಬರಲಿಲ್ಲ? ಒಂದು ಕಾರಣ ಪ್ರಕಟಣೆಯ ಕ್ರಮದಲ್ಲಿದೆ. ಕನ್ನಡದ ಸುಧಾ (1965), ಮಯೂರ (1968), ತರಂಗ (1983) ಮೊದಲಾದ ನಿಯತಕಾಲಿಕಗಳು ಎಲ್ಲ ಬಗೆಯ ಓದುಗರ ಪತ್ರಿಕೆಗಳು. ಅಲ್ಲಿ ವಿಜ್ಞಾನ ಕಥೆ ಕೌಟುಂಬಿಕ ಧಾರಾವಾಹಿ, ಪತ್ತೇದಾರಿ, ಅಡುಗೆ ಅಂಕಣಗಳ ನಡುವೆ ಬರುತ್ತಿತ್ತು. ಓದುಗರ ಪತ್ರಗಳಡಿ ಸಾಮಾನ್ಯವಾಗಿ ಅಚ್ಚಾಗುತ್ತಿದ್ದುದು ಹೆಸರು ಮತ್ತು ಊರು ಮಾತ್ರ. ಕುಮಟೆಯಲ್ಲೊಬ್ಬ, ಹಾವೇರಿಯಲ್ಲೊಬ್ಬ ತನ್ನಂತೆಯೇ ಇದನ್ನು ಮೆಚ್ಚಿದ್ದಾನೆಂದು ತಿಳಿಯುತ್ತಿತ್ತೇ ಹೊರತು ಅವನಿಗೆ ಕಾರ್ಡು ಬರೆಯಲು ದಾರಿಯಿರಲಿಲ್ಲ. ಗರ್ನ್ಸ್‌ಬ್ಯಾಕ್ ಅಚ್ಚುಮಾಡಿದ ಎರಡು ಸಾಲಿನ ವಿಳಾಸದ ಬೆಲೆ ಇಲ್ಲಿ ಅರಿವಾಗುತ್ತದೆ. ಪತ್ರಮೈತ್ರಿಯ ಅಂಕಣಗಳಲ್ಲಿ ವಿಳಾಸಗಳಿರುತ್ತಿದ್ದವು. ಆದರೆ ಅಲ್ಲಿ ಹವ್ಯಾಸಗಳ ಪಟ್ಟಿಯಲ್ಲಿ ಅಂಚೆಚೀಟಿ ಸಂಗ್ರಹ, ಕ್ರಿಕೆಟ್ ಮುಂತಾದವು ಇರುತ್ತಿದ್ದವೇ ವಿನಾ ಓದಿನ ಪ್ರಕಾರಗಳ ಪ್ರಸ್ತಾಪ ಅಪರೂಪ.

ಉತ್ತರ ಕನ್ನಡದ ಕರಾವಳಿ

ಕುಮಟಾ ತಾಲೂಕಿನ ಹಿರೇಗುತ್ತಿ, ಕುಮಟಾ ಮತ್ತು ಅಂಕೋಲೆಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಊರು. ಗೋಕರ್ಣ, ಬಂಕಿಕೊಡ್ಲ, ಹನೇಹಳ್ಳಿಗಳು ಇದರ ಸಮೀಪದಲ್ಲಿವೆ. ಈ ಪರಿಸರದ ಸಾಹಿತ್ಯ ಚರಿತ್ರೆ ಗಾತ್ರಕ್ಕೆ ಮೀರಿದ್ದು. ವಿಮರ್ಶಕ ಗೌರೀಶ ಕಾಯ್ಕಿಣಿ, ಕವಿ ಸು.ರಂ. ಎಕ್ಕುಂಡಿ ಇಬ್ಬರೂ ಬಂಕಿಕೊಡ್ಲದ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಹನೇಹಳ್ಳಿಯ ಯಶವಂತ ಚಿತ್ತಾಲ (1928–2014) ಪಾಲಿಮರ್ ತಂತ್ರಜ್ಞರು. ಮುಂಬಯಿ ಮತ್ತು ಅಮೆರಿಕದ ಸ್ಟೀವನ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಕಲಿತು ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಗೋಕರ್ಣದ ಜಯಂತ ಕಾಯ್ಕಿಣಿ ಜೀವರಸಾಯನ ವಿಜ್ಞಾನದ ಸ್ನಾತಕೋತ್ತರ ಪದವೀಧರರು. ವಿಜ್ಞಾನ ಲೇಖಕ ನಾಗೇಶ ಹೆಗಡೆ ಇದೇ ಜಿಲ್ಲೆಯ ಶಿರಸಿ ಸೀಮೆಯವರು.

ಆದರೂ ಚಿತ್ತಾಲರು ಬರೆದುದು ವಿಜ್ಞಾನ ಕಥೆಯನ್ನಲ್ಲ. ಅವರ ಶಿಕಾರಿ (1979) ರಾಸಾಯನಿಕ ಕಾರ್ಖಾನೆಯ ಜಗತ್ತನ್ನು ಒಳಗಿನಿಂದ ಬಲ್ಲ ಕಾದಂಬರಿಯಾದರೂ ಅದರ ಕೇಂದ್ರ ಮನುಷ್ಯನ ಭಯ ಮತ್ತು ಸಂಶಯ. ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಓದಿದ ತರುಣರು ಉದ್ಯೋಗಕ್ಕೆ ಮುಂಬಯಿಗೆ ಹೋಗುತ್ತಿದ್ದರು. ಆದ್ದರಿಂದ ಈ ಭಾಗದ ವಿಜ್ಞಾನ ಪದವೀಧರ ಲೇಖಕರಿಗೆ ಭವಿಷ್ಯದ ಲೋಕಕ್ಕಿಂತ ಬಿಟ್ಟುಬಂದ ಊರೇ ದೊಡ್ಡ ಕಥಾವಸ್ತುವಾಯಿತೆಂದು ತೋರುತ್ತದೆ.

ಆಕಾಶ ಈ ಕರಾವಳಿಗೆ ಒಮ್ಮೆ ತಾನಾಗಿಯೇ ಇಳಿದು ಬಂದದ್ದುಂಟು. 1980ರ ಫೆಬ್ರವರಿ 16ರ ಮಧ್ಯಾಹ್ನದ ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರವನ್ನು ದಾಟಿ ಅಂಕೋಲೆಯ ಆಸುಪಾಸಿನಲ್ಲಿ ಭಾರತದ ನೆಲವನ್ನು ಪ್ರವೇಶಿಸಿ, ಹುಬ್ಬಳ್ಳಿ, ರಾಯಚೂರುಗಳ ದಿಕ್ಕಿಗೆ ಸಾಗಿತು. ಹಿರೇಗುತ್ತಿಯೂ ಪೂರ್ಣಗ್ರಹಣದ ಪಟ್ಟಿಯೊಳಗಿತ್ತು. ಗ್ರಹಣ ನೋಡಲು ವಿಜ್ಞಾನಿಗಳು ದೂರದೂರದಿಂದ ಕರ್ನಾಟಕಕ್ಕೆ ಬಂದರೆ, ನಾಡಿನ ಬಹಳಷ್ಟು ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ವಿಜ್ಞಾನ ಪ್ರಸಾರಕರು ಕಥೆಗಿಂತ ತಿಳಿವಳಿಕೆಗೆ ಏಕೆ ಅಷ್ಟು ಒತ್ತು ಕೊಟ್ಟರೆಂಬುದಕ್ಕೆ ಆ ಒಂದು ಮಧ್ಯಾಹ್ನವೇ ಸಾಕಷ್ಟು ಉತ್ತರ ಹೇಳುತ್ತದೆ.

ಭವಿಷ್ಯದ ಕುರಿತ ವಾದ ಈ ಜಿಲ್ಲೆಯಲ್ಲಿ ನಡೆಯಲೇ ಇಲ್ಲವೆಂದಲ್ಲ. ಅದು ಕಾದಂಬರಿಯ ಹೊರಗೆ ನಡೆಯಿತು. ಕಾಳಿ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರದ ಬಗ್ಗೆ 1980ರ ದಶಕದಲ್ಲಿ ತೀವ್ರ ಚರ್ಚೆಗಳಾದವು. ಶಿವರಾಮ ಕಾರಂತರು 1989ರಲ್ಲಿ ಇದೇ ಪ್ರಶ್ನೆಯನ್ನು ಮುಂದಿಟ್ಟು ಇಲ್ಲಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸ್ಥಾವರದ ಮೊದಲ ಘಟಕಗಳು 2000ದಲ್ಲಿ ಕಾರ್ಯಾರಂಭ ಮಾಡಿದವು. ಅಘನಾಶಿನಿ ಅಳಿವೆಯ ತದಡಿಯಲ್ಲಿ ಬೃಹತ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗಲೂ ವಿಕಿರಣ, ಹಾರುಬೂದಿ, ಮೀನು, ಚಿಪ್ಪಿ, ಗಜನಿ ಗದ್ದೆಗಳ ನಾಳಿನ ಸ್ಥಿತಿ ಕುರಿತು ಹಳ್ಳಿಯ ಸಭೆಗಳಲ್ಲಿ ಮಾತುಕತೆಯಾಯಿತು. ತಂತ್ರಜ್ಞಾನ ಬಂದರೆ ಬದುಕು ಏನಾಗುತ್ತದೆ ಎಂಬುದೇ ವಿಜ್ಞಾನ ಕಥೆಯ ಮೂಲ ಪ್ರಶ್ನೆ. ಇಲ್ಲಿನ ಜನ ಅದನ್ನು ಮನವಿಪತ್ರಗಳಲ್ಲಿ ಬರೆದರು.

ಚಲನಚಿತ್ರ

ಉಪೇಂದ್ರ ನಟಿಸಿದ ಹಾಲಿವುಡ್ (2002) ಯಂತ್ರಮಾನವನನ್ನು ಮುಖ್ಯ ಪಾತ್ರವಾಗಿ ತಂದಿತು. ಪವನ್ ಕುಮಾರ್ ನಿರ್ದೇಶನದ ಲೂಸಿಯಾ (2013) ಕನಸು ತರುವ ಮಾತ್ರೆಯ ಸುತ್ತ ಹೆಣೆದ ಚಿತ್ರ. ಓದುಗ ಬಳಗದ ದೃಷ್ಟಿಯಿಂದ ಅದರ ಕಥೆಗಿಂತ ಹಣಕಾಸಿನ ವಿಧಾನವೇ ಗಮನಾರ್ಹ. ನಿರ್ಮಾಪಕರು ಸಿಗದಿದ್ದಾಗ ನಿರ್ದೇಶಕರು ಅಂತರ್ಜಾಲದ ಮೂಲಕ ಮನವಿ ಮಾಡಿದರು. ಪ್ರೇಕ್ಷಕರೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿಕೊಟ್ಟರು. ಕನ್ನಡದಲ್ಲಿ ಹೊಸ ಬಗೆಯ ಕಥೆಗಾಗಿ ಅಪರಿಚಿತರು ಒಂದಾದ ಸ್ಪಷ್ಟ ಉದಾಹರಣೆಯಿದು. ಮಂಡಲ (2023), ಕಾಲಪ್ರಯಾಣದ ವಸ್ತುವುಳ್ಳ ಬ್ಲಿಂಕ್ (2024) ಈಚಿನ ಚಿತ್ರಗಳು.

ಸೂಚಿಯ ಕೊರತೆ

ಓದುಗ ಬಳಗಗಳು ಸಾಹಿತ್ಯಕ್ಕೆ ಮಾಡಿದ ದೊಡ್ಡ ಉಪಕಾರ ಸಮ್ಮೇಳನವಲ್ಲ, ಸೂಚಿ. ಅಮೆರಿಕದ ಡೊನಾಲ್ಡ್ ಡೇ ಎಂಬ ಓದುಗ 1926ರಿಂದ 1950ರವರೆಗಿನ ವಿಜ್ಞಾನ ಕಥಾ ಪತ್ರಿಕೆಗಳ ಪ್ರತಿಯೊಂದು ಕಥೆಯನ್ನೂ ಲೇಖಕ ಹಾಗೂ ಶೀರ್ಷಿಕೆಯ ಕ್ರಮದಲ್ಲಿ ಪಟ್ಟಿಮಾಡಿ 1952ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಗ್ಗದ ಕಾಗದದ ಆ ಪತ್ರಿಕೆಗಳು ಪುಡಿಯಾದರೂ ಯಾರು ಯಾವಾಗ ಏನು ಬರೆದರೆಂಬುದು ಉಳಿಯಿತು.

ಕನ್ನಡದ ವಿಜ್ಞಾನ ಕಥೆಗಳಲ್ಲಿ ಪುಸ್ತಕರೂಪ ಪಡೆದವು ಗ್ರಂಥಾಲಯಗಳಲ್ಲಿವೆ. ವಾರಪತ್ರಿಕೆ, ದೀಪಾವಳಿ ಹಾಗೂ ಯುಗಾದಿ ವಿಶೇಷಾಂಕಗಳಲ್ಲಿ ಮಾತ್ರ ಬಂದವು ಹಳೆಯ ಸಂಚಿಕೆಗಳೊಳಗೇ ಇವೆ. ಕರಾವಳಿಯ ಮಳೆ, ಗೆದ್ದಲು ಮತ್ತು ರದ್ದಿಯ ತಕ್ಕಡಿ ಆ ಸಂಚಿಕೆಗಳಿಗೆ ದಯೆ ತೋರುವುದಿಲ್ಲ. ಸರ್ವೆಂಟ್ಸ್ ಆಫ್ ನಾಲೆಡ್ಜ್, ಸಂಚಿ ಪ್ರತಿಷ್ಠಾನ ಮೊದಲಾದ ಸ್ವಯಂಸೇವಾ ಪ್ರಯತ್ನಗಳು ಕನ್ನಡದ ಹಳೆಯ ಪುಸ್ತಕಗಳನ್ನು ಗಣಕೀಕರಿಸಿ ಅಂತರ್ಜಾಲದಲ್ಲಿ ಇರಿಸುತ್ತಿವೆ. ಭಾರತದ ಕಾನೂನಿನಂತೆ ಲೇಖಕರ ನಿಧನಾನಂತರ 60 ವರ್ಷಗಳವರೆಗೆ ಹಕ್ಕುಸ್ವಾಮ್ಯವಿರುವುದರಿಂದ 1970 ಮತ್ತು 1980ರ ದಶಕಗಳ ಕಥೆಗಳನ್ನು ಅನುಮತಿಯಿಲ್ಲದೆ ಮರುಪ್ರಕಟಿಸುವಂತಿಲ್ಲ. ಆದರೆ ಪತ್ರಿಕೆಯ ಹೆಸರು, ಸಂಚಿಕೆಯ ದಿನಾಂಕ, ಕಥೆಯ ಶೀರ್ಷಿಕೆ, ಲೇಖಕರ ಹೆಸರು, ಪುಟಸಂಖ್ಯೆಗಳನ್ನು ದಾಖಲಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬೈಂಡು ಮಾಡಿಸಿದ ಹಳೆಯ ಸಂಪುಟಗಳಿರುವ ಶಾಲೆ, ಕಾಲೇಜು, ಗ್ರಾಮ ಪಂಚಾಯಿತಿ ಗ್ರಂಥಾಲಯ, ಮನೆ ಎಲ್ಲಿಯಾದರೂ ಒಂದು ನೋಟುಪುಸ್ತಕದಲ್ಲಿ ಈ ಕೆಲಸ ಆರಂಭಿಸಬಹುದು. ಬೆಂಗಳೂರಿನಲ್ಲಿ ದೊರೆಯದ ಸಂಚಿಕೆ ಹಿರೇಗುತ್ತಿಯ ಅಟ್ಟದಲ್ಲಿ ದೊರೆಯುವ ಸಾಧ್ಯತೆ ಇದ್ದೇ ಇದೆ.

ವಾರ್ಷಿಕ ಕಾರ್ಯಕ್ರಮಗಳು

ವರ್ಲ್ಡ್‌ಕಾನ್ ಪ್ರತಿವರ್ಷ ಬೇರೆ ಬೇರೆ ನಗರಗಳಲ್ಲಿ ನಡೆಯುತ್ತದೆ. ಎರಡನೆಯ ಮಹಾಯುದ್ಧದ ನಡುವೆ 1942ರಿಂದ 1945ರವರೆಗೆ ಅದು ನಡೆಯಲಿಲ್ಲ. 2023ರಲ್ಲಿ ಚೀನಾದ ಚೆಂಗ್ಡು, 2025ರಲ್ಲಿ ಅಮೆರಿಕದ ಸಿಯಾಟಲ್ ನಗರಗಳು ಆತಿಥ್ಯ ವಹಿಸಿದ್ದವು. 2026ರ ಆಗಸ್ಟ್ ಕೊನೆಯ ಸಮ್ಮೇಳನಕ್ಕೆ ಕ್ಯಾಲಿಫೋರ್ನಿಯಾದ ಅನಾಹೈಮ್, 2027ರದಕ್ಕೆ ಕೆನಡಾದ ಮಾಂಟ್ರಿಯಲ್ ಆಯ್ಕೆಯಾಗಿವೆ. 1953ರಲ್ಲಿ ಮೊದಲ ಬಾರಿಗೆ ನೀಡಲಾದ ಹ್ಯೂಗೋ ಪ್ರಶಸ್ತಿಗೆ ಮತ ನೀಡುವವರು ಈ ಸಮ್ಮೇಳನದ ಸದಸ್ಯರು. ಸಮ್ಮೇಳನಕ್ಕೆ ಹೋಗಲಾಗದವರೂ ಶುಲ್ಕ ತೆತ್ತು ಸದಸ್ಯರಾಗಿ ಮತ ಚಲಾಯಿಸಬಹುದು.

ಬೆಂಗಳೂರಿನಲ್ಲಿ 2012ರಲ್ಲಿ ಆರಂಭವಾದ ಕಾಮಿಕ್ ಕಾನ್ ಚಿತ್ರಕಥೆ, ಚಲನಚಿತ್ರ ಹಾಗೂ ಆಟಗಳ ಅಭಿಮಾನಿಗಳ ದೊಡ್ಡ ಕೂಟವಾಗಿ ಬೆಳೆದಿದೆ. ಇಷ್ಟದ ಪಾತ್ರಗಳ ವೇಷ ಧರಿಸಿ ಬರುವುದು ಅಲ್ಲಿನ ಆಕರ್ಷಣೆ. ಯಕ್ಷಗಾನದ ನಾಡಿನವರಿಗೆ ವೇಷ ಹೊಸದಲ್ಲ. ಆದರೆ ಅಲ್ಲಿ ಕೇಳಿಬರುವ ಭಾಷೆ ಹೆಚ್ಚಾಗಿ ಇಂಗ್ಲಿಷ್.

ಶಾಲೆ ಮತ್ತು ಗ್ರಂಥಾಲಯಗಳಲ್ಲಿ ವಿಜ್ಞಾನ ಕಥೆಯ ಓದಿಗೆ ಹೊಂದುವ ದಿನಗಳೆಂದರೆ ರಾಮನ್ ಪರಿಣಾಮದ ನೆನಪಿಗೆ ಆಚರಿಸುವ ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ, ಚಂದ್ರಯಾನ-3 ಚಂದ್ರನ ಮೇಲಿಳಿದ ನೆನಪಿಗೆ 2024ರಿಂದ ಆಚರಣೆಗೆ ಬಂದ ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನ ಮತ್ತು ಅಕ್ಟೋಬರ್ 4ರಿಂದ 10ರವರೆಗಿನ ವಿಶ್ವ ಬಾಹ್ಯಾಕಾಶ ಸಪ್ತಾಹ. ಸಪ್ತಾಹದ ಮೊದಲ ದಿನ 1957ರ ಸ್ಪುಟ್ನಿಕ್ ಉಡಾವಣೆಯನ್ನೂ, ಕೊನೆಯ ದಿನ 1967ರ ಬಾಹ್ಯಾಕಾಶ ಒಪ್ಪಂದವನ್ನೂ ಸೂಚಿಸುತ್ತದೆ. ಅಕ್ಟೋಬರ್ ವೇಳೆಗೆ ಕರಾವಳಿಯಲ್ಲಿ ಮಳೆ ಹಿಂದೆ ಸರಿಯತೊಡಗುವುದರಿಂದ ಸಂಜೆಯ ಓದಿನ ಬಳಿಕ ಆಕಾಶವೀಕ್ಷಣೆಯನ್ನೂ ಇರಿಸಿಕೊಳ್ಳಬಹುದು.